ಕೊಯ್ದ ಪುಟ

“ಆ ಪುಸ್ತಕ ಬ್ಯಾಡ್ರಿ, ಬ್ಯಾರೇದು ಕೊಡ್ತೀನಿ.”

ಕಲಘಟಗಿ ಸೀಮೆಯ ಆ ಹಳ್ಳಿಯ ಗ್ರಂಥಾಲಯದಲ್ಲಿ ಶೈಲಶ್ರೀ ಕೇಳಿದ ಮೊದಲ ಮಾತೇ ಇದು. ಹೇಳಿದವನು ಗ್ರಂಥಪಾಲಕ ಈರೇಶ. ಹೇಳುತ್ತಲೇ ಅವನು ಅದನ್ನು ಕಪಾಟಿನ ಹಿಂದಿನ ಸಾಲಿಗೆ ತಳ್ಳಿದ್ದನ್ನು ಅವಳು ಆಗ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಬಣ್ಣದ ತೊಟ್ಟಿಲುಗಳ ಮೇಲೆ ಅವಳ ಪಿಎಚ್‌ಡಿ. ಮಳೆಗಾಲವಿಡೀ ಈರೇಶ ಅವಳಿಗಾಗಿ ಕಪಾಟು ಜಾಲಾಡಿದ, ಆನ್‌ಲೈನ್‌ನಲ್ಲಿ ಹಳೇ ಲೇಖನ ಹುಡುಕಿಕೊಟ್ಟ, ಬಸ್ ತಪ್ಪಿದಾಗ ಬೈಕಿನಲ್ಲಿ ಬಿಟ್ಟುಬಂದ. ಹುಡುಗಿ ಮನಸೋತಿದ್ದಳು, ಬಾಯಿಬಿಟ್ಟಿರಲಿಲ್ಲ ಅಷ್ಟೇ. ಆದರೆ ಆ ಒಂದು ಪುಸ್ತಕ ಮಾತ್ರ ಅವನು ಕೊಡಲೇ ಇಲ್ಲ.

ಗೈಡ್ ಕಡ್ಡಿ ಮುರಿದಂತೆ ಹೇಳಿದ್ದರು... ಅದರಲ್ಲಿರುವ ಹಳೇ ತೊಟ್ಟಿಲಿನ ಫೋಟೋ ಇಲ್ಲದೆ ಪ್ರಬಂಧ ಒಪ್ಪುವುದಿಲ್ಲ.

ಅವನಿಲ್ಲದ ಮಧ್ಯಾಹ್ನ ಅವಳೇ ಪುಸ್ತಕ ತೆಗೆದಳು. ಫೋಟೋ ಇರಬೇಕಾದ ಪುಟವನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ಮೊಬೈಲಿನಲ್ಲಿ ಸ್ಕ್ಯಾನ್ ಪ್ರತಿ ಹುಡುಕಿದಳು. ಅಲ್ಲೂ ಆ ಪುಟವಿಲ್ಲ. ಸ್ಕ್ಯಾನ್ ಮಾಡಿದ್ದೂ ಇದೇ ಪುಸ್ತಕವನ್ನು, ಇದೇ ಗ್ರಂಥಾಲಯದ ಸೀಲು.

‘ಅಂದರೆ ಇವನೇ... ಇಷ್ಟು ದಿನ ನನ್ನನ್ನು ಆಟ ಆಡಿಸಿದನಾ?’

ಮೇಲಧಿಕಾರಿಗೆ ದೂರು ಟೈಪ್ ಮಾಡಿದಳು. ಕಳಿಸುವ ಮೊದಲು ಮುಖಾಮುಖಿ ಕೇಳಬೇಕೆಂದು ಅವನ ಮನೆಗೆ ನಡೆದಳು.

ಒಳಗೆ ತೊಟ್ಟಿಲು ಕಿರ್... ಕಿರ್... ಎನ್ನುತ್ತಿತ್ತು. ಕೂಸಿಲ್ಲದ ಮನೆ ಅದು. ಖಾಲಿ ತೊಟ್ಟಿಲು ತೂಗಬಾರದೆಂದು ಯಾರಿಗೆ ಗೊತ್ತಿಲ್ಲ? ಅವಳು ಹೊಸ್ತಿಲಲ್ಲೇ ನಿಂತಳು.

ತೂಗುತ್ತಿದ್ದವರು ಈರೇಶನ ತಾಯಿ ಗೌರಕ್ಕ. ತೊಟ್ಟಿಲೊಳಗೆ, ಕೌದಿಯ ಮೇಲೆ, ಆ ಪುಟ. ಫೋಟೋದಲ್ಲಿ ಇದೇ ತೊಟ್ಟಿಲು, ಅದರಲ್ಲೊಂದು ಕೂಸು.

“ಆ ಕೂಸು ನಮ್ಮಕ್ಕರಿ,” ಬೆನ್ನ ಹಿಂದೆ ಈರೇಶನ ದನಿ. “ನಾ ಹುಟ್ಟೂ ಮದ್ಲ ತೀರಿಕೊಂಡ್ಳು. ಪುಸ್ತಕ ಬರದವ್ರು ಆಗ ತಗದಿದ್ದ ಇದೊಂದ ಫೋಟೋ ಉಳದೈತಿ. ಝೆರಾಕ್ಸ್ ತಂದ್ಕೊಟ್ರ ಅವ್ವ ಹರದ ಒಗದ್ಲು. ಪುಟಾ ತಂದಮ್ಯಾಲೇ ಉಣ್ಣಾಕ ಹತ್ತಿದ್ಲು.”

“ನನಗ್ಯಾಕ ಹೇಳಲಿಲ್ಲ?”

“ಕಳ್ಳ ಅಂತ ತಿಳದು ನೀವು ಬರೂದು ಬಿಟ್ರ... ಅದನ್ನ ತಡ್ಕೊಳ್ಳಾಕ ಆಗ್ತಿರಲಿಲ್ರಿ. ದೂರು ಕೊಡ್ರಿ, ನೌಕರಿ ಹೋದ್ರ ಹೋಗ್ಲಿ. ಪುಟಾ ಮಾತ್ರ ಕಸಗೋಬ್ಯಾಡ್ರಿ.”

ಶೈಲಶ್ರೀಗೆ ಅಳು ಉಕ್ಕಿ ಬಂತು. ದೂರನ್ನು ಅಳಿಸಿದಳು. ಗೌರಕ್ಕನ ಅನುಮತಿ ಕೇಳಿ, ತೊಟ್ಟಿಲ ಬಳಿ ಕೂತು ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಂಡಳು.

ಅಂಗಳಕ್ಕೆ ಬಂದಾಗ ಈರೇಶ ಕೇಳಿದ, “ಪ್ರಬಂಧದಾಗ ಫೋಟೋ ಎಲ್ಲೀದು ಅಂತ ಬರೀತೀರಿ?”

“ನಮ್ಮತ್ತಿ ಮನೀದು ಅಂತ ಬರದ್ರ... ನಡೀತೈತೇನ್ರಿ?”

ಒಳಗೆ ತೊಟ್ಟಿಲಿನ ಸದ್ದು ಗಕ್ಕನೆ ನಿಂತಿತು. ಇಬ್ಬರೂ ಬೆಚ್ಚಿದರು.

“ಬರೀಲಿ ಬಿಡೋ,” ಎಂದರು ಗೌರಕ್ಕ. “ಈ ಪುಟಾನೂ ಒಯ್ದು ಪುಸ್ತಕದಾಗ ಇಡು. ತೊಟ್ಲಾಗ ಮುಂದ ಜಾಗಾ ಬೇಕಲ್ಲ.”