ಮೂರನೇ ಪಟ್ಟಿ

ಅಂಗಡಿಗೆ ಬಂದವನು ಶರ್ಟನ್ನು ಟೇಬಲ್ ಮೇಲಿಟ್ಟು, ಅದರ ಪಕ್ಕ ಒಂದು ಕಾಗದದ ಪೊಟ್ಟಣ ಇಟ್ಟ. ಬಿಚ್ಚಿ ನೋಡಿದೆ. ತೋಳಿಗೆ ಹೊಲಿಯುವ ಪಟ್ಟಿ, ಒಂದು ಜೊತೆ. ಮೂರು ಗೆರೆಯದು.

"ಎಲ್ಲಿ ಕದ್ರಿ?" ಅಂದೆ.

"ಕೊಟ್ಟಿದ್ದಾರೆ ಮೇಡಂ."

"ನಿಮಗಾ? ಎರಡನೇ ಪಟ್ಟಿಗೆ ನಾನು ಹಾಕಿದ ದಾರ ಇನ್ನೂ ಬಣ್ಣ ಬಿಟ್ಟಿಲ್ಲ!"

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತದೆ. ಇದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಅಳತೆ ತೆಗೆಯುವವಳ ಕಣ್ಣಿಗೆ ಇಂಥದ್ದೆಲ್ಲ ಬೀಳುವುದು ಸಹಜ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ನನ್ನ ಟೈಲರ್ ಅಂಗಡಿ ಸೈನಿಕರ ಕ್ಯಾಂಪಿನ ದೊಡ್ಡ ಗೇಟಿಗೆ ಎದುರಾಗಿದೆ. ಯಾರಿಗೆ ಪ್ರಮೋಷನ್ ಸಿಕ್ಕಿತು ಅನ್ನುವುದು ಅವರ ಹೆಂಡತಿಯರಿಗಿಂತ ಮೊದಲು ನನಗೆ ತಿಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಗೇಟಿನೊಳಗಿನ ಮುಖಗಳಲ್ಲಿ ಹೆಚ್ಚಿನವು ಬದಲಾಗುತ್ತವೆ. ನನ್ನ ಅಳತೆ ಪುಸ್ತಕದಲ್ಲಿ ಎದೆ, ತೋಳು, ಸೊಂಟ ಉಳಿಯುತ್ತವೆ; ಜನ ಹೊರಟುಹೋಗುತ್ತಾರೆ. ಮೂವತ್ತಮೂರನೇ ವಯಸ್ಸಿಗೆ ಇದು ಅಭ್ಯಾಸವಾಗಿದೆ ಅಂದುಕೊಂಡಿದ್ದೆ.

ಇವನು ರೇಡಿಯೋ ಕೋಣೆಯವನು. ಎಲ್ಲರೂ ಇವನನ್ನು ವೈರ್‌ಲೆಸ್ ಅಂತಲೇ ಕರೆಯುತ್ತಾರೆ. ವಾರಕ್ಕೊಮ್ಮೆ ಏನಾದರೂ ನೆಪ ತೆಗೆದು ಬರುತ್ತಿದ್ದ. ಒಂದೇ ಶರ್ಟಿನ ಒಂದೇ ಗುಂಡಿ ನಾಲ್ಕನೇ ಸಲ ಕಿತ್ತು ಬಂದಾಗ, "ಹಲ್ಲಲ್ಲಿ ಕೀಳ್ತೀರಾ, ಬ್ಲೇಡಲ್ಲಾ?" ಅಂತ ಕೇಳಿದ್ದೆ. ಕಿವಿಯವರೆಗೂ ಕೆಂಪಾಗಿದ್ದ. ಆ ದಿನ ಸಂಜೆಯವರೆಗೂ ಸುಮ್ಮಸುಮ್ಮನೆ ನಗು ಬರುತ್ತಿತ್ತು ನನಗೆ.

ಮೂರನೇ ಪಟ್ಟಿಗೆ ಹತ್ತು ವರ್ಷ ಕಾಯುವುದು ಇಲ್ಲಿನ ರೂಢಿ. ಹೋದ ವರ್ಷ ಹೊಸ ನಿಯಮ ಬಂತು. ಪರೀಕ್ಷೆಯಲ್ಲಿ ಮುಂದೆ ಬಂದವರಿಗೆ ನಾಲ್ಕೇ ವರ್ಷಕ್ಕೆ ಕೊಡಬಹುದಂತೆ. ಅಂದಿನಿಂದ ಗೇಟಿನಲ್ಲಿ ಇದೇ ಜಗಳ. ಅವತ್ತೂ ನನ್ನ ಬೆಂಚಿನ ಮೇಲೆ ಕ್ಯಾಂಪಿನ ಉಗ್ರಾಣ ನೋಡಿಕೊಳ್ಳುವ, ಎಲ್ಲರೂ ಅಣ್ಣ ಅನ್ನುವ ಹಿರಿಯರೊಬ್ಬರು ಕೂತಿದ್ದರು. ಹನ್ನೆರಡು ವರ್ಷದ ಸರ್ವೀಸು, ಎರಡೇ ಪಟ್ಟಿ.

"ನಾಲ್ಕು ವರ್ಷದಲ್ಲಿ ಬೂಟೇ ಕಾಲಿಗೆ ಹೊಂದಿರಲ್ಲ. ಇವರಿಗೆ ಮೂರು ಪಟ್ಟಿ ಬೇಕಂತೆ!" ಅಂದು, ಹೊಲಿದಿಟ್ಟಿದ್ದ ಪ್ಯಾಂಟು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದುಹೋದರು.

ವೈರ್‌ಲೆಸ್ ತಲೆ ತಗ್ಗಿಸಿದ. "ಅಣ್ಣ ಹೇಳೋದೂ ತಪ್ಪಲ್ಲ. ಅಲ್ಲಿ ನನ್ನ ಕೈಕೆಳಗೆ ಬರೋರು ನನಗಿಂತ ಎಷ್ಟೋ ದೊಡ್ಡೋರು. ನನ್ನ ಮಾತು ಯಾಕೆ ಕೇಳ್ತಾರೆ?"

"ಹಾಗಾದ್ರೆ ಹತ್ತು ವರ್ಷ ಕಾಯಿರಿ."

"ಹತ್ತು ವರ್ಷ ಕಾದ್ರೆ ಕಾಯೋದನ್ನ ಮಾತ್ರ ಕಲೀತೀನಿ ಅನ್ನೋ ಭಯ."

'ಅಲ್ಲಿ' ಅಂದದ್ದು ನನ್ನ ಕಿವಿಯಲ್ಲೇ ನಿಂತಿತ್ತು. ಒಂದೇ ಪಂಕ್ತಿಯಲ್ಲಿ ಉಂಡವರಿಗೆ ಹುಕುಂ ಮಾಡುವುದು ಕಷ್ಟ ಅಂತ, ಮೂರನೇ ಪಟ್ಟಿ ಬಿದ್ದವನನ್ನು ಬೇರೆ ಕ್ಯಾಂಪಿಗೆ ಕಳಿಸುತ್ತಾರೆ. ಇವನ ಪಾಲಿಗೆ ಬಂದದ್ದು ಎರಡು ದಿನದ ದಾರಿಯಾಚೆಗಿನ ಗಡಿ ಠಾಣೆ. ಕೆಲಸ ಕಾಯಂ ಆಗುವವರೆಗೆ, ಅಂದರೆ ಒಂದು ವರ್ಷ, ಸಂಸಾರಕ್ಕೆ ಮನೆಯನ್ನೂ ಕೊಡುವುದಿಲ್ಲ.

"ಯಾವಾಗ ಹೊರಡೋದು?" ಅಂದೆ. ದಾರ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದ್ದೆ.

"ಹೊರಡಲಾ ಅಂತ ಕೇಳೋಕೆ ಬಂದೆ."

ತಿರುಗಿದೆ. ಅವನು ಜೇಬಿನಿಂದ ಇನ್ನೊಂದು ಕಾಗದ ತೆಗೆದಿದ್ದ. ಅದರ ಗುರುತು ನನಗಿತ್ತು. ಕ್ಯಾಂಪಿನಲ್ಲಿ ಅದಕ್ಕೆ 'ಒಲ್ಲೆ ಪತ್ರ' ಅನ್ನುತ್ತಾರೆ: ನನಗೆ ಈ ಪ್ರಮೋಷನ್ ಬೇಡ, ಇದ್ದಲ್ಲೇ ಇರುತ್ತೇನೆ. ಎಲ್ಲ ತುಂಬಿತ್ತು, ಸಹಿಯೊಂದು ಬಾಕಿ.

"ನಾಳೆ ಮಧ್ಯಾಹ್ನದೊಳಗೆ ಕೊಟ್ರೆ ಆಯ್ತು. ಇಲ್ಲೇ ಇರ್ತೀನಿ."

"ಆಮೇಲೆ ಐದು ವರ್ಷ ನಿಮ್ಮ ಹೆಸರು ಯಾರೂ ಎತ್ತಲ್ಲ."

"ಗೊತ್ತು."

"ಮತ್ತೆ ಇಲ್ಲೇನಿದೆ ಅಂತ ಇರ್ತೀರಿ?"

ಅವನು ನನ್ನ ಮುಖವನ್ನೇ ನೋಡಿದ. ಕಣ್ಣು ತಪ್ಪಿಸಲಿಲ್ಲ. "ಗುಂಡಿ ಹಾಕಿಸೋಕೆ ಅಷ್ಟು ದೂರದಿಂದ ಬರೋಕಾಗಲ್ವಲ್ಲ ಮೇಡಂ."

ಎಷ್ಟು ದಿನದಿಂದ ಕಾದಿದ್ದ ಮಾತು! ಕೈಯಲ್ಲಿದ್ದ ದಾರದ ಉಂಡೆ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಇರಿ, ಎಲ್ಲೂ ಹೋಗಬೇಡಿ ಅನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು.

ಅಷ್ಟರಲ್ಲಿ, ಅಂಗಡಿಗೂ ಹಿಂದಿನ ನಮ್ಮ ಮನೆಗೂ ನಡುವಿನ ಪರದೆಯಾಚೆ ಅಪ್ಪ ಕೆಮ್ಮಿದರು.

ಅಪ್ಪನೂ ಇದೇ ಗೇಟಿನೊಳಗೆ ಇಪ್ಪತ್ತೆರಡು ವರ್ಷ ದುಡಿದವರು. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ಅವರಿಗೂ ಮೂರನೇ ಪಟ್ಟಿ ಬಂದಿತ್ತು. ಅಮ್ಮನನ್ನು ಬಿಟ್ಟು ಹೋಗಲಾರೆ ಅಂತ ಒಲ್ಲೆ ಪತ್ರ ಕೊಟ್ಟರು. ಕಥೆಯಾಗಿ ಕೇಳಲು ಚೆನ್ನಾಗಿದೆ. ಆಮೇಲೆ ಸಾರಿಗೆ ಉಪ್ಪು ಹೆಚ್ಚಾದರೂ, ನಲ್ಲಿಯಲ್ಲಿ ನೀರು ಬರದಿದ್ದರೂ ಅದೇ ಮಾತು: "ನಿನಗೋಸ್ಕರ ತಾನೇ ನಾನಿಲ್ಲಿ ಕೊಳೆತಿದ್ದು?" ಅಮ್ಮ ಒಂದು ದಿನವೂ ಎದುರಾಡಲಿಲ್ಲ. ಆರು ವರ್ಷದ ಹಿಂದೆ ಹಾಗೇ ಬಾಯಿ ಬಿಡದೆ ತೀರಿಹೋದಳು.

"ಆ ಕಾಗದಕ್ಕೆ ಕಾರಣ ನಾನಾಗಲ್ಲ. ನಿನಗೋಸ್ಕರ ಉಳಿದೆ ಅಂತ ಆಮೇಲೆ ಅನ್ನಿಸಿಕೊಳ್ಳೋಕೆ ನನ್ನ ಕೈಲಾಗಲ್ಲ," ಅಂದೆ.

"ನಾನು ಹಂಗಿಸೋ ಜಾತಿ ಅಲ್ಲ."

"ಇವತ್ತಲ್ಲ. ನಿಮಗಿಂತ ಚಿಕ್ಕೋನೊಬ್ಬ ಬಂದು ನಿಮಗೇ ಆರ್ಡರ್ ಹಾಕ್ತಾನಲ್ಲ, ಅವತ್ತು. ಮನೆಗೆ ಬಂದು ನನ್ನ ಮುಖ ನೋಡ್ತೀರಿ." ನೆಲಕ್ಕೆ ಬಿದ್ದಿದ್ದ ದಾರದ ಉಂಡೆ ಎತ್ತಿಕೊಂಡು ಹೇಳಿದೆ. "ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ಅದಕ್ಕೇ ಹೇಳ್ತಿದೀನಿ, ಹೋಗಿ."

ಅವನು ಇನ್ನೂ ಏನೋ ಬರುತ್ತದೆ ಅನ್ನುವ ಹಾಗೆ ನಿಂತೇ ಇದ್ದ.

"ಅಷ್ಟೇನಾ?"

"ಅಷ್ಟೇ."

ಕಾಗದವನ್ನು ನಾಲ್ಕಾಗಿ ಹರಿದು ಚಿಂದಿ ಬುಟ್ಟಿಗೆ ಹಾಕಿದ. ನಾನು ಎರಡೂ ತೋಳಿಗೆ ಪಟ್ಟಿ ಹೊಲಿದೆ. ಅವನು ಹಾಕಿಕೊಂಡು ನಿಂತಾಗ ಬಲತೋಳಿನ ಸುಕ್ಕು ಸರಿಮಾಡಲು ಹೋದ ನನ್ನ ಕೈ, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಇಬ್ಬರೂ ಅದನ್ನು ನೋಡದವರಂತೆ ಇದ್ದೆವು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟ್ರಕ್ ಹೊರಟಿತು. ನಾನು ಬಾಗಿಲು ತೆರೆಯಲಿಲ್ಲ. ಗೇಟಿನ ತಿರುವಿನಲ್ಲಿ ಗೇರ್ ಬದಲಾದ ಸದ್ದು ಒಳಗಿನಿಂದಲೇ ಕೇಳಿಸಿಕೊಂಡೆ.

ಆಮೇಲಿನ ದಿನಗಳಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. ಜನ ಬಂದರು, ಹೋದರು, ನಾನೂ ಎಂದಿನ ಹಾಗೆ ತಮಾಷೆ ಮಾಡಿದೆ. ಗುಂಡಿ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಮಾತ್ರ ಕೈಲಿದ್ದ ಕೆಲಸ ಬಿಟ್ಟು ತಲೆಯೆತ್ತುತ್ತಿದ್ದೆ. ಸಂಜೆ ಅಂಗಡಿಯಲ್ಲಿ ಮಾತು ನಿಂತ ಮೇಲೆ ಮಿಷನ್ನಿನ ಸದ್ದೊಂದೇ. ಅದೂ ನಿಂತರೆ ಹೆದರಿಕೆ ಅಂತ, ಅವಸರವಿಲ್ಲದ ಬಟ್ಟೆಗಳನ್ನೂ ಹೊಲಿದಿಟ್ಟೆ.

ಹತ್ತನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಕೇಳಿದರು, "ಆ ವೈರ್‌ಲೆಸ್ ಹುಡುಗ ಹೋಗೋ ಮುಂಚೆ ನಿನ್ನ ಕೇಳಿದ್ನಲ್ಲ?"

ಪರದೆ ತೆಳು ಅನ್ನುವುದು ಮರೆತೇಹೋಗಿತ್ತು. "ಕೇಳಿದ್ರು," ಅಂದೆ.

ಅಪ್ಪ ಅನ್ನ ಕಲಸತೊಡಗಿದರು. "ನಾನು ನಿಮ್ಮಮ್ಮನ್ನ ಕೇಳ್ಲೇ ಇಲ್ಲ ಮಗಳೇ. ಪತ್ರ ಕೊಟ್ಟು ಬಂದು ಆಮೇಲೆ ಹೇಳ್ದೆ. ನಿಜ ಹೇಳ್ಬೇಕಂದ್ರೆ, ನನಗಿಂತ ದೊಡ್ಡೋರನ್ನ ಆಳೋಕೆ ಧೈರ್ಯ ಇರ್ಲಿಲ್ಲ. ಅವಳ ಹೆಸರು ಅನುಕೂಲಕ್ಕೆ ಬಂತು." ಅವರ ಕೈ ನಿಂತಿತು. "ಕೇಳಿದ್ರೆ ಏನಂತಿದ್ಲೋ."

"ಹೋಗಿ ಅಂತಿದ್ಲು ಅಪ್ಪ. ನಾನೂ ಬರ್ತೀನಿ ಅಂತಿದ್ಲು."

ಅಂದವಳು ಹಾಗೇ ಕೂತೆ. ಅವತ್ತು ಅವನು ಇನ್ನೂ ಏನೋ ಬರುತ್ತದೆಂದು ನಿಂತಿದ್ದನಲ್ಲ, ಕಾದಿದ್ದು ಈ ಮಾತಿಗೇ.

ಅಪ್ಪ ತಲೆಯೆತ್ತಿದರು. "ನನ್ನ ನೆಪ ಹೇಳ್ಕೊಂಡು ಇಲ್ಲಿ ಕೂರಬೇಡ. ನನಗೆ ರೇಡಿಯೋ ಒಂದಿದ್ರೆ ಯಾವ ಊರಾದ್ರೇನು?"

ಕೈ ತೊಳೆದು ಫೋನ್ ತೆಗೆದುಕೊಂಡೆ. ಆ ನಂಬರಿಗೆ ಇದುವರೆಗೆ ನಾನು ಹೇಳಿದ್ದು ಒಂದೇ ಮಾತು, ನಿಮ್ಮ ಶರ್ಟ್ ರೆಡಿಯಾಗಿದೆ. ಏಳನೇ ರಿಂಗಿಗೆ ಎತ್ತಿದ. ಹಿಂದೆ ಗಾಳಿ ಜೋರಾಗಿ ಬೀಸುತ್ತಿತ್ತು.

"ಮೇಡಂ? ನಾನು ಯಾವ ಶರ್ಟೂ ಬಿಟ್ಟು ಬಂದಿಲ್ವಲ್ಲ?"

"ಶರ್ಟಲ್ಲ. ಅವತ್ತು ನಾನು ಅರ್ಧ ಮಾತು ಹೇಳಿ ಕಳಿಸಿಬಿಟ್ಟೆ."

"ಇನ್ನರ್ಧ?"

"ನಾನೂ ಬರ್ತೀನಿ."

ಗಾಳಿಯ ಸದ್ದು ಕಡಿಮೆಯಾಯಿತು; ಎಲ್ಲೋ ಮರೆಗೆ ಸರಿದಿರಬೇಕು.

"ಮನೆ ಸಿಗೋಕೆ ಒಂದು ವರ್ಷ ಆಗುತ್ತೆ," ಅಂದ.

"ಆಗ್ಲಿ. ಈಗ ಫೋನ್ ಮಾತ್ರ ಇಡಬೇಡಿ."