ನೀವ್ ಉಂಡ್ರಾ?

"ಅಯ್ನೋರೇ, ಉಣ್ಣಾಕೆ ಬನ್ನಿ!"

ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ಮುದ್ಕ ಅಡವಿಯಪ್ಪ ಚನ್ನೇಶನ ಕೈ ಹಿಡ್ಕಂಡ ನೋಡ್ರವ್ವ, ಉಡ ಹಿಡ್ದಂಗೆ! ಚನ್ನೇಶ ಮೊಬೈಲ್ ರಿಪೇರಿ ಮಾಡೋನು. ಹುಟ್ಟಲ್ಲಿ ಮಾತ್ರ ಜಂಗಮ ಅಯ್ನೋರೇ, ಹಣೆ ತುಂಬ ವಿಭೂತಿ.

ಹಿಂದಿಂದ ಮುದ್ಕನ ಮಗಳು ದೀಪಿಕಾ ಒಂದೇ ಚಪ್ಲೀಲಿ ಓಡ್ಬಂದ್ಲು.

"ಬೇಜಾರ್ ಮಾಡ್ಕಬೇಡಿ... ಅಪ್ಪಂಗೆ ಮರೆವಿನ ಕಾಯ್ಲೆ. ಅಯ್ನೋರು ಉಣ್ದೆ ತಾನೂ ಉಣ್ಣಲ್ಲ ಅಂತ ಎರಡ್ ದಿನದಿಂದ ಹಟ..." ಅಂದೋಳು ಅಲ್ಲೇ ಅತ್ಬುಟ್ಲು.

ಚನ್ನೇಶನ ಎದೆ ತುಪ್ಪದಂಗೆ ಕರಗಿ ಕೆರೇವರ್ಗೂ ಹರೀತು ಅನ್ನಿ! ಅವ್ರ ಮನೆಗೆ ಹೋದ. ಎಲೆ ಮುಂದೆ ಕೂತ.

ಬಡಿಸ್ತಿದ್ದ ದೀಪಿಕಾನ ಕೈ ಕಡ್ಡಿ, ಕಣ್ಣು ಪಾಳುಬಾವಿ.

"ನೀವ್ ಉಂಡ್ರಾ?"

"ಆಮೇಲೆ..."

ಚನ್ನೇಶ ಎಲೆ ತಳ್ದ. "ನಮ್ ಶಾಸ್ತ್ರದಲ್ಲಿ ಮನೆ ಹೆಣ್ಮಗಳು ಮೊದ್ಲು ಉಣ್ಬೇಕು. ಇಲ್ದಿದ್ರೆ ನಾನ್ ಮುಟ್ಟಲ್ಲ."

"ಉಣ್ಣೇ ಮಗ, ಅಯ್ನೋರ್ ಕಾಯ್ತವ್ರೆ!" ಅಪ್ಪ ಗದರಿದ.

ಅವತ್ತಿಂದ ದಿನಾ ಹಂಗೇ. ಅಪ್ಪ ಉಂಡಿದ್ದು ಮರ್ತು ಮತ್ತೆ ಕರೆಯೋನು, ಚನ್ನೇಶ ಮತ್ತೆ ಬಂದು ಉಣ್ಣೋನು. ಅವ್ನ ಅಂಗಿ ಗುಂಡಿ ಹಾರಿ ಕುಣಿಗಲ್‌ಗೆ ಬಿದ್ವು! ದೀಪಿಕಾ ಮುಖಕ್ಕೂ ಒಂಚೂರು ರಕ್ತ ಬಂತು.

ಒಂದಿನ ಪಕ್ಕದ್ಮನೆ ಕರಿಬಸಮ್ಮ ಬಿದ್ದು ಬಿದ್ದು ನಕ್ಲು. "ಯಾವ್ ಶಾಸ್ತ್ರನೇ ಅದು? ನಿನ್ನ ಪೆದ್ದಿ ಮಾಡವ್ನೆ ಕಣೇ!"

'ನನ್ ಕಷ್ಟ ಇವ್ನಿಗೆ ತಮಾಷೆನಾ?' ದೀಪಿಕಾ ಉರ್ದೋದ್ಲು. ಬಾಗ್ಲಲ್ಲೇ ಅವ್ನ ತಡೆದ್ಲು.

"ಸುಳ್ಳ! ಇನ್ಮೇಲೆ ಬರ್ಬೇಡಿ!"

"ಸುಳ್ಳೇ ಕಣ್ರಿ." ಚನ್ನೇಶ ತಲೆ ತಗ್ಗಿಸ್ದ. "ನಮ್ಮಜ್ಜಿಗೂ ಇದೇ ಕಾಯ್ಲೆ. ಆರ್ ವರ್ಷ ಅವ್ವ ನೋಡ್ಕಂಡ್ಲು. ಅಜ್ಜಿ ಉಂಡ್ಲಾ ಅಂತ ಊರೆಲ್ಲ ಕೇಳೋರು. ಅವ್ವ ಉಂಡ್ಲಾ ಅಂತ... ನಾನೂ ಕೇಳ್ಲಿಲ್ಲ."

ದೀಪಿಕಾ ಹೊಸ್ಲ ಮೇಲೇ ಕುಸ್ದು ಕೂತ್ಲು.

"ಬೆಳಿಗ್ಗೆ ಏಳಕ್ಕೇ ಮನ್ಸಾಗಲ್ಲ... ಒಂದೊಂದ್ಸಲ ಅಪ್ಪ ಹೋಗ್ಬುಟ್ರೆ ಸಾಕು ಅನ್ಸುತ್ತೆ. ನಾನ್ ಪಾಪಿ ಅಲ್ವಾ?"

"ಪಾಪಿ ಅಲ್ಲ, ಸುಸ್ತಾಗಿದೀರ. ಅದ್ಕೂ ಔಷ್ದಿ ಐತೆ. ಸೋಮ್ವಾರ ಕರಿಬಸಮ್ಮನ್ ಜೊತೆ ತುಮಕೂರಿಗೋಗಿ ಡಾಕ್ಟ್ರಿಗೆ ತೋರ್ಸಿ. ಅಪ್ಪನ್ನಲ್ಲ, ನಿಮ್ನ! ಅಪ್ಪನ ಹತ್ರ ನಾನಿರ್ತೀನಿ. ಸೋಮ್ವಾರ ಒಂದೇ ಅಲ್ಲ..."

"ಮತ್ತೆ?"

"ಜೀವ್ನ ಪೂರ್ತಿ... ನೀವ್ ಹೂಂ ಅಂದ್ರೆ."

ಅಷ್ಟೊತ್ಗೆ ಅಡವಿಯಪ್ಪ ಹೊರಗ್ ಬಂದ. "ಯಾರಮ್ಮ ಇವ್ನು?"

ದೀಪಿಕಾ ಕಣ್ಣೊರೆಸ್ಕಂಡ್ಲು. "ನಿನ್ನ ಅಳಿಯ ಆಗೋನು ಕಣಪ್ಪ."

"ಹೌದಾ! ನೂರ್ ವರ್ಷ ಬಾಳಿ!"

ಸಂಜೆಯೊಳ್ಗೆ ಸಾವಿರ ಸಲ ಕೇಳ್ದ, ಸಾವಿರ ಸಲ ಹರಸ್ದ. ಕೇಳಿದ್ದೇ ಕೇಳ್ತಾನೆ ಅಂತ ತಲೆ ಚಚ್ಕಂತಿದ್ದೋಳು ಅವತ್ತು ಸಾವಿರ ಸಲಾನೂ ನಾಚ್ಕಂಡೇ ಹೇಳಿದ್ಲು!

ಊಟದ ಹೊತ್ತಿಗೆ ಮೂರ್ ಎಲೆ ಬಿತ್ತು.

"ಯಾರ್ ಮೊದ್ಲು?" ಅಂದ ಚನ್ನೇಶ.

"ಒಟ್ಗೇ ಕಣ್ರಿ... ಶಾಸ್ತ್ರ."

"ಯಾವ್ ಶಾಸ್ತ್ರ?"

"ನಂದು. ಸುಮ್ನೆ ಉಣ್ಣಿ!"