ಗೇಟಿನ ಮುಂದೆ ಎರಡು ನಿಮಿಷ

"ಆಂಟೀ, ನನ್ ಹೆಸರು ಒತ್ತಿದ್ರಾ?"

"ಒತ್ತಿದೆ ಕಣೋ, ಒಳಗೆ ಹೋಗು."

"ಇಲ್ಲ ಆಂಟೀ, ನೀವು ನಮ್ಮಕ್ಕಂದು ಒತ್ತಿದ್ರಿ. ನಾನ್ ನೋಡ್ದೆ!"

ಹಿಂದೆ ನಿಂತಿದ್ದ ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಡ್ರೈವರ್ ಮಾಮ ಸ್ಟೀರಿಂಗ್ ಮೇಲೆ ಬೆರಳು ಕುಟ್ಟಿದ. "ಹೊರಡ್ಲಾ ಅಕ್ಕಾ? ಇನ್ನೊಂದು ನಿಮಿಷ ನಿಂತ್ರೆ ಆ ಲಾರಿಯೋನು ಇಳಿದು ಬಂದು ನನ್ನ ಹಸಿಹಸೀನೇ ತಿಂತಾನೆ."

ಸ್ಕೂಲ್ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ಆಂಟಿಯ ಒಂದು ಕೈ ಕಂಬಿ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಯಾರದೋ ನೀರಿನ ಬಾಟಲಿ. ಮೂರನೇ ಕೈ ಇಲ್ಲವಲ್ಲ! ಕೊರಳಿಗೆ ನೇತುಬಿದ್ದಿದ್ದ ಫೋನನ್ನು ಎದೆಗೆ ಒತ್ತಿಕೊಂಡು, ಬಾಟಲಿ ಹಿಡಿದ ಕೈಯ ಕಿರುಬೆರಳಿನಿಂದಲೇ ಹೆಸರು ಹುಡುಕುತ್ತಿದ್ದಳು.

ಮೊದಲ ಸೀಟಿನಲ್ಲಿ ಕೂತಿದ್ದ ಬುಗುರಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ.

ಬುಗುರಿ ಐದನೇ ಕ್ಲಾಸು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಆಂಟಿ ಅವಳ ಅಮ್ಮ. ಆದರೆ "ಬಸ್ಸೊಳಗೆ ನಾನು ನಿನ್ನಮ್ಮ ಅಲ್ಲ. ಮೂವತ್ತೆರಡು ಮಕ್ಕಳಿಗೂ ಆಂಟಿ, ನಿನಗೂ ಆಂಟಿ" ಎಂದು ಅಮ್ಮ ಈ ಕೆಲಸಕ್ಕೆ ಸೇರಿದ ದಿನವೇ ಹೇಳಿಬಿಟ್ಟಿದ್ದಳು.

ಬುಗುರಿಯ ಕಣ್ಣು ಮತ್ತೆ ಮತ್ತೆ ಡ್ರೈವರ್ ಹಿಂದಿನ ಸೀಟಿನ ಕಡೆಗೇ ಹೋಗುತ್ತಿತ್ತು. ಅಲ್ಲಿ ಒಬ್ಬ ಅಕ್ಕ ಕೂತಿದ್ದಳು. ಮಡಿಲಲ್ಲಿ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. ಮಕ್ಕಳು ಹತ್ತಿದ್ದು, ಇಳಿದದ್ದು ಒತ್ತುವ ಆ ಫೋನಿನ ಆ್ಯಪ್ ಮಾಡಿದ ಕಂಪನಿಯಿಂದ ಬಂದವಳು. ಅಮ್ಮನ ಕೆಲಸ ಉಳಿಯುತ್ತದೋ ಹೋಗುತ್ತದೋ ಎನ್ನುವುದು ಈಗ ಆ ನೋಟ್‌ಬುಕ್ಕಿನಲ್ಲಿತ್ತು.

ಆಗಿದ್ದು ಇಷ್ಟು. ಹೋದ ವಾರ ಯುಕೆಜಿಯ ಚೋಟು ಹಿಂದಿನ ಸೀಟಿನ ಕೆಳಗೆ ನಿದ್ದೆ ಹೋಗಿದ್ದ. ಫೋನಿನಲ್ಲಿ ಮೂವತ್ತೆರಡು ಮಕ್ಕಳೂ ಇಳಿದರು ಎಂದು ಬಂತು. ಚೋಟುವಿನ ಮನೆಗೆ 'ನಿಮ್ಮ ಮಗು ಶಾಲೆ ತಲುಪಿದೆ' ಎಂದು ಮೆಸೇಜೂ ಹೋಯಿತು. ಚೋಟು ಮಾತ್ರ ಮೈದಾನದ ಆಚೆಯ ಶೆಡ್ಡಿನಲ್ಲಿ, ಬಾಗಿಲು ಹಾಕಿದ ಬಸ್ಸಿನೊಳಗೆ, ನಲವತ್ತು ನಿಮಿಷ ಒಬ್ಬನೇ ಇದ್ದ. ಬಸ್ ಗುಡಿಸುವವರು ಬಾಗಿಲು ತೆಗೆದಾಗ ಅತ್ತು ಅತ್ತು ಅವನ ಗಂಟಲೇ ಕಟ್ಟಿಹೋಗಿತ್ತು.

ಪ್ರಿನ್ಸಿಪಾಲ್ ಮೇಡಂ ಅಮ್ಮನನ್ನು ಕರೆಸಿದ್ದರು. "ಕಂಪನಿಯವರು ಎರಡು ದಿನ ಬಸ್ಸಲ್ಲಿ ಬಂದು ನೋಡ್ತಾರೆ. ತಪ್ಪು ಫೋನಿಂದೋ ನಿಮ್ಮದೋ ಗೊತ್ತಾಗುತ್ತೆ. ನಿಮ್ಮದು ಅಂತಾದ್ರೆ ಸೋಮವಾರದಿಂದ ಬರೋದು ಬೇಡ."

ಇವತ್ತು ಬುಧವಾರ.

"ಆಂಟಿ, ಇದರಲ್ಲಿ ಏನಾದ್ರೂ ಕಷ್ಟ ಇದೆಯಾ?" ನೋಟ್‌ಬುಕ್ ಅಕ್ಕ ಕೇಳಿದಳು.

"ಅಯ್ಯೋ, ಏನೂ ಇಲ್ಲ ಮೇಡಂ. ತುಂಬಾ ಈಸಿ."

"ಅಕ್ಷರ ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ ಮೇಡಂ."

"ಏನಾದ್ರೂ ಬದಲಾಯಿಸಬೇಕು ಅನ್ಸುತ್ತಾ?"

"ಏನೂ ಬೇಡ ಮೇಡಂ. ಎಲ್ಲಾ ಚೆನ್ನಾಗಿದೆ."

ಆ ದಿನ ಅಮ್ಮ ಒಂದೊಂದೇ ಹೆಸರು ಹುಡುಕಿ ಒತ್ತಿದಳು. ಮಕ್ಕಳು ಹತ್ತುವುದು ಸ್ಟಾಪಿನ ಕ್ರಮದಲ್ಲಿ. ಫೋನಿನಲ್ಲಿ ಹೆಸರುಗಳಿದ್ದದ್ದು ಕ್ಲಾಸಿನ ಹಾಜರಿ ಪುಸ್ತಕದ ಕ್ರಮದಲ್ಲಿ. ಪ್ರತಿ ಸ್ಟಾಪಿನಲ್ಲೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಗೇಟಿಗೆ ಎಷ್ಟೋ ದೂರವಿರುವಾಗಲೇ ಬಸ್ ನಿಲ್ಲಿಸಿ, ಇಳಿಯುವ ಹೆಸರುಗಳನ್ನೂ ಕೂತಲ್ಲೇ ಒಂದೊಂದಾಗಿ ಒತ್ತಿ ಮುಗಿಸಿದಳು. ಬಸ್ಸು ಇಪ್ಪತ್ತೈದು ನಿಮಿಷ ಲೇಟು. "ಇವತ್ತು ನಮ್ಮ ಬಸ್ಸಿಗೆ ಮದುವೆ ದಿಬ್ಬಣದ ಸ್ಪೀಡು" ಎಂದು ಡ್ರೈವರ್ ಮಾಮ ಗೊಣಗಿದ.

ಇಳಿಯುವಾಗ ಬುಗುರಿ ಕತ್ತು ಉದ್ದ ಮಾಡಿ ನೋಟ್‌ಬುಕ್ಕಿನೊಳಗೆ ಇಣುಕಿದಳು. *ಬಳಸಲು ತೊಂದರೆ ಇಲ್ಲ. ಹೆಸರುಗಳು ಸರಿಯಾಗಿವೆ.*

ಫೋನ್ ಸರಿಯಾಗಿದ್ದರೆ, ತಪ್ಪು ಇನ್ಯಾರದು?

ಸಂಜೆ ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬುಗುರಿ ಅವಳ ಸುತ್ತ ಎರಡು ಸುತ್ತು ಹಾಕಿ ನಿಂತಳು.

"ತುಂಬಾ ಈಸಿ ಅಂತ ಯಾಕೆ ಸುಳ್ಳು ಹೇಳ್ದೆ?"

"ಮತ್ತೇನ್ ಹೇಳ್ಲಿ? ನಂಗೆ ಕೆಲಸ ಬರಲ್ಲ ಅಂತ ನನ್ನ ಬಾಯಿಂದಾನೇ ಹೇಳ್ಲಾ?"

"ದಿನಾ ನೀನು ಹೀಗೆ ಒಂದೊಂದೇ ಒತ್ತಲ್ಲ. ಗೇಟ್ ಹತ್ರ ಹಸಿರು ಬಟನ್ ಒಂದೇ ಸಲ..."

ಅಮ್ಮನ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. "ಆ ಮಾತು ಈ ಗೋಡೆ ದಾಟಬಾರದು. ಗೊತ್ತಾಯ್ತಾ?"

ಬುಗುರಿಗೆ ಗೊತ್ತಿತ್ತು. ಮೊದಲ ಸೀಟಿನಲ್ಲಿ ಕೂರುವವಳಿಗೆ ಎಲ್ಲವೂ ಕಾಣುತ್ತದೆ. ಬಸ್ಸು ಶಾಲೆಯ ಗೇಟು ಮುಟ್ಟಿದ ಎರಡು ನಿಮಿಷಕ್ಕೆ ಫೋನು ತಾನಾಗಿಯೇ ಕೂಗತೊಡಗುತ್ತದೆ. ಅಷ್ಟರೊಳಗೆ ಎಲ್ಲರ ಹೆಸರಿನ ಮುಂದೆ 'ಇಳಿದರು' ಎಂದು ಒತ್ತದಿದ್ದರೆ, ಉಳಿದ ಮಕ್ಕಳ ಮನೆಗೆ 'ನಿಮ್ಮ ಮಗು ಇನ್ನೂ ಶಾಲೆ ತಲುಪಿಲ್ಲ' ಎಂದು ಮೆಸೇಜು ಹೋಗುತ್ತದೆ. ಫೋನು ಬಂದ ಮೊದಲ ವಾರ ಹಾಗೆ ಹೋಗಿತ್ತು. ಹತ್ತೊಂಬತ್ತು ಮನೆಗಳಿಂದ ಗಾಬರಿಯ ಕಾಲ್! ಆಫೀಸಿನಲ್ಲಿ ಅಮ್ಮನಿಗೆ ಬೈಗುಳ. ಪರದೆಯ ಕೆಳಗೆ ಒಂದು ದೊಡ್ಡ ಹಸಿರು ಬಟನ್ ಇತ್ತು: 'ಎಲ್ಲರೂ ಇಳಿದರು'. ಮಾರನೇ ದಿನದಿಂದ ಅಮ್ಮ ಅದನ್ನು ಒತ್ತತೊಡಗಿದಳು. ಕೂಗು ತಕ್ಷಣ ನಿಲ್ಲುತ್ತಿತ್ತು.

ಹಲ್ಲುಜ್ಜುವಾಗಲೂ ಬುಗುರಿಗೆ ಅದೇ ಯೋಚನೆ. ಹೇಳಿದರೆ ಅಮ್ಮ ಸಿಕ್ಕಿಬೀಳುತ್ತಾಳೆ. ಹೇಳದಿದ್ದರೂ ಸಿಕ್ಕಿಬೀಳುವವಳು ಅಮ್ಮನೇ. ಅವಳು ಒಂದೇ ಹಲ್ಲನ್ನು ಎಷ್ಟು ಹೊತ್ತು ಉಜ್ಜಿದಳೆಂದರೆ ವಸಡಿನಲ್ಲಿ ರಕ್ತ ಬಂತು.

ಗುರುವಾರ. ಬುಗುರಿ ತನ್ನ ಸೀಟು ಬಿಟ್ಟು ನೋಟ್‌ಬುಕ್ ಅಕ್ಕನ ಪಕ್ಕ ಹೋಗಿ ಕೂತಳು. ಅಕ್ಕ ಅಮ್ಮನ ಭುಜದ ಮೇಲಿಂದ ಫೋನಿನ ಪರದೆಯನ್ನೇ ನೋಡುತ್ತಿದ್ದಳು.

"ಅಕ್ಕಾ, ಈ ಆ್ಯಪ್ ಮಾಡೋಕೆ ಮುಂಚೆ ನೀವು ಸ್ಕೂಲ್ ಬಸ್ಸಲ್ಲಿ ಬಂದಿದ್ರಾ?"

"ಇಲ್ಲ ಪುಟ್ಟಾ. ಆಫೀಸಲ್ಲೇ ಕೂತು ಮಾಡಿದ್ವಿ."

"ಆಫೀಸು ಅಲುಗಾಡುತ್ತಾ?"

ಅಕ್ಕ ನಕ್ಕಳು. "ಮೂರನೇ ಮಹಡಿ. ಅಲುಗಾಡಿದ್ರೆ ಎಲ್ಲರೂ ಕೆಳಗೆ ಓಡ್ತೀವಿ."

ಬುಗುರಿ ನಗಲಿಲ್ಲ. "ಹಂಗಾದ್ರೆ ಫೋನ್ ನೋಡ್ಬೇಡಿ ಅಕ್ಕಾ. ಬರೀಲೂಬೇಡಿ. ಸುಮ್ನೆ ಅಮ್ಮನ ಕೈ ನೋಡಿ."

"ಅಮ್ಮನ ಕೈಯಾ?"

ಬುಗುರಿ ನಾಲಿಗೆ ಕಚ್ಚಿಕೊಂಡಳು. "ಆಂಟಿ ಕೈ."

ಅಕ್ಕ ಅವಳ ಮುಖವನ್ನೂ ಮೆಟ್ಟಿಲ ಮೇಲಿದ್ದ ಆಂಟಿಯ ಮುಖವನ್ನೂ ನೋಡಿದಳು. ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿದಳು.

ನಾಲ್ಕನೇ ಸ್ಟಾಪು. ಒಬ್ಬ ಹುಡುಗಿ ಹತ್ತಿದಳು. ಅಮ್ಮನ ಕೈ ತಾನಾಗಿ ಅವಳ ತಲೆ ಮುಟ್ಟಿತು. "ಹದಿನಾಲ್ಕು. ಎಲ್ಲೇ ನಿಮ್ಮಣ್ಣ? ಇನ್ನೂ ಜ್ವರಾನಾ?" ಆಮೇಲೆ ಒಬ್ಬ ಹುಡುಗ. ತಲೆ ಮುಟ್ಟಿದ ಕೈ. "ಹದಿನೈದು." ಮೂರನೆಯವನು ಮೆಟ್ಟಿಲ ಮೇಲೇ ವಾಂತಿ ಮಾಡಿಕೊಂಡ. ಅಮ್ಮ ಒಂದು ಕೈಯಿಂದ ಅವನ ಹಣೆ ಹಿಡಿದಳು, ಇನ್ನೊಂದರಿಂದ ಟವೆಲ್ ಎಳೆದಳು. ಫೋನು ಅವಳ ಎದೆಯ ಮೇಲೆ ಗಡಿಯಾರದ ಲೋಲಕದ ಹಾಗೆ ಅತ್ತಿತ್ತ ತೂಗುತ್ತಿತ್ತು. ಹಿಂದೆ ಹಾರ್ನು. "ಹದಿನಾರು," ಎಂದಳು ಅಮ್ಮ, ಅವನ ಬಾಯಿ ಒರೆಸುತ್ತಾ.

ಅಕ್ಕನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು.

ವಾಂತಿ ತೊಳೆದು ಹೊರಡುವಷ್ಟರಲ್ಲಿ ಬಸ್ಸು ಮತ್ತೆ ಲೇಟು. ಇವತ್ತು ದೂರದಲ್ಲಿ ನಿಲ್ಲಿಸಲು ಹೊತ್ತೇ ಇರಲಿಲ್ಲ. ಗೇಟು ಬಂತು. ಮಕ್ಕಳು ಇಳಿಯತೊಡಗಿದರು. ಜ್ವರದವನೂ ಚೋಟುವೂ ಬಂದಿರಲಿಲ್ಲ, ಒಟ್ಟು ಮೂವತ್ತು. ಅಮ್ಮ ತಲೆ ಮುಟ್ಟುತ್ತಿದ್ದಳು. ಎಂಟು. ಒಂಬತ್ತು. ಯಾರದೋ ಬ್ಯಾಗು ಕಂಬಿಗೆ ಸಿಕ್ಕಿಕೊಂಡಿತು. ಹತ್ತು...

ಟೀಂ ಟೀಂ ಟೀಂ ಟೀಂ!

ಅಮ್ಮನ ಕೈ ಹನ್ನೊಂದನೇ ತಲೆಯ ಮೇಲಿಂದ ಸರಕ್ಕನೆ ಹಿಂದೆ ಬಂತು. ಹೆಬ್ಬೆರಳು ಹಸಿರು ಬಟನ್ನಿನ ಮೇಲೆ ನಿಂತಿತು. ಅಲ್ಲೇ ಅವಳಿಗೆ ನೆನಪಾಯಿತು. ತಲೆಯೆತ್ತಿದಳು. ನೋಟ್‌ಬುಕ್ ಅಕ್ಕ ಅವಳ ಕೈಯನ್ನೇ ನೋಡುತ್ತಿದ್ದಳು.

ಟೀಂ ಟೀಂ ಟೀಂ ಟೀಂ!

ಒತ್ತಬೇಡ ಅಮ್ಮಾ. ಇಲ್ಲ, ಒತ್ತು. ಯಾವುದನ್ನು ಬೇಡಿಕೊಳ್ಳಬೇಕೆಂದೇ ಬುಗುರಿಗೆ ತಿಳಿಯಲಿಲ್ಲ.

ಅಮ್ಮ ಒತ್ತಿದಳು.

ಕೂಗು ನಿಂತಿತು. 'ಎಲ್ಲರೂ ಇಳಿದರು.' ಇಪ್ಪತ್ತು ಮಕ್ಕಳು ಇನ್ನೂ ಬಸ್ಸಿನೊಳಗೇ ನಿಂತಿದ್ದರು.

ಅವರೆಲ್ಲ ಇಳಿಯುವವರೆಗೂ ಅಕ್ಕ ಆಂಟಿಯ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಈ ಫೋನ್ ಬರೋಕೆ ಮುಂಚೆ ಇಲ್ಲಿ ಏನ್ ಮಾಡ್ತಿದ್ರಿ ಆಂಟಿ?"

ಅಮ್ಮ ಕೊರಳಿನಿಂದ ಫೋನು ತೆಗೆದಳು. "ತಲೆ ಮುಟ್ಟಿ ಎಣಿಸ್ತಿದ್ದೆ. ಲೆಕ್ಕ ತಪ್ಪಿದ್ರೆ ಕೈಗೇ ಗೊತ್ತಾಗೋದು. ಆಮೇಲೆ ಹಿಂದಿನ ತನಕ ಹೋಗಿ ಸೀಟಿನ ಕೆಳಗೆಲ್ಲಾ ಬಗ್ಗಿ ನೋಡ್ತಿದ್ದೆ. ಈಗ ಅಷ್ಟರಲ್ಲಿ ಇದು ಕೂಗುತ್ತೆ. ಕೂಗಿದ್ರೆ ತಲೇನೇ ಓಡಲ್ಲ. ಎಷ್ಟಕ್ಕೆ ಬಿಟ್ಟೆ ಅನ್ನೋದೇ ಮರ್ತುಹೋಗುತ್ತೆ." ಅವಳು ಫೋನನ್ನು ಅಕ್ಕನ ಕಡೆ ಚಾಚಿದಳು. "ಆವತ್ತೂ ಹೀಗೇ ಒತ್ತಿದ್ದು ಮೇಡಂ."

ಡ್ರೈವರ್ ಮಾಮ ಕಿಟಕಿಯ ಆಚೆ ನೋಡತೊಡಗಿದ.

ಶುಕ್ರವಾರ ಊಟದ ಬಿಡುವಿನಲ್ಲಿ ಬುಗುರಿ ಪ್ರಿನ್ಸಿಪಾಲ್ ರೂಮಿನ ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ಆ ಹಸಿರು ಬಟನ್ ಇಟ್ಟವಳು ನಾನೇ ಮೇಡಂ," ನೋಟ್‌ಬುಕ್ ಅಕ್ಕನ ದನಿ. "ಎರಡು ನಿಮಿಷ ಸಾಕು ಅಂತ ಅಂದಾಜು ಹಾಕಿದ್ದೂ ನಾನೇ. ಮೂವತ್ತು ಮಕ್ಕಳು ಇಳಿಯೋಕೆ ನಿನ್ನೆ ಆರು ನಿಮಿಷ ಆಯ್ತು. ಬುಧವಾರ ನಾನು ಕೇಳಿದ್ದಕ್ಕೆಲ್ಲ ಇವರು ಚೆನ್ನಾಗಿದೆ ಅಂದ್ರು, ನಾನು ಹಾಗೇ ಬರ್ಕೊಂಡೆ. ಅದು ನನ್ನ ದಡ್ಡತನ."

"ಇರಬಹುದು. ಆದ್ರೆ ಒತ್ತಿದ್ದು ಇವರು ತಾನೇ?"

"ಹೌದು ಮೇಡಂ," ಅಮ್ಮನ ದನಿ. "ಒತ್ತಿದ್ದು ನಾನೇ."

ಕೊನೆಗೆ ಪ್ರಿನ್ಸಿಪಾಲ್ ಮೇಡಂ ಅಮ್ಮನಿಗೆ ಒಂದು ವಾರ್ನಿಂಗ್ ಪತ್ರ ಕೊಟ್ಟರು. ಇನ್ನೊಂದು ತಪ್ಪಾದರೆ ಕೆಲಸವಿಲ್ಲ. ಅಲ್ಲಿಯವರೆಗೆ ಇದೆ. ಅಕ್ಕ ಇನ್ನೂ ಹತ್ತು ದಿನ ಬಸ್ಸಿನಲ್ಲಿ ಬರುತ್ತಾಳೆ, ಕೂತು ನೋಡುತ್ತಾಳೆ. ಫೋನಿನ ಆ್ಯಪ್ ಬದಲಾಯಿಸುವವರೆಗೆ ಮೊದಲಿನ ಹಾಗೆಯೇ ಎಣಿಕೆ.

ಸೋಮವಾರ ಚೋಟು ಬಂದ. ತನ್ನ ಅಮ್ಮನ ಸೆರಗು ಬಿಡಲೊಲ್ಲದೆ ಮೆಟ್ಟಿಲ ಹತ್ತಿರವೇ ನಿಂತಿದ್ದ. ಹೇಗೋ ಹತ್ತಿಸಿದರು. ಬುಗುರಿ ಅವನನ್ನು ತನ್ನ ಪಕ್ಕ ಕೂರಿಸಿಕೊಂಡು ದಾರಿಯುದ್ದಕ್ಕೂ ಲಾರಿಗಳನ್ನು ತೋರಿಸಿದಳು.

ಗೇಟಿನ ಹತ್ತಿರ ಏನೂ ಕೂಗಲಿಲ್ಲ. ಅಮ್ಮ ಒಂದೊಂದೇ ತಲೆ ಮುಟ್ಟಿ ಇಳಿಸಿದಳು. ಚೋಟು ಕೊನೆಯವನು. ಅಮ್ಮ ಕೈ ಚಾಚಿದಾಗ ಅವನು ಕತ್ತು ಕುಗ್ಗಿಸಿ ಪಕ್ಕಕ್ಕೆ ಸರಿದು, ಇಳಿದು ಓಡಿಹೋದ. ಅಮ್ಮನ ಕೈ ಗಾಳಿಯಲ್ಲೇ ಉಳಿಯಿತು.

"ಎಲ್ಲಾ ಸರಿಹೋಯ್ತಲ್ಲಮ್ಮಾ!" ಬುಗುರಿ ಮೆಟ್ಟಿಲ ಮೇಲೆ ಕುಣಿಯುತ್ತಾ ಹೇಳಿದಳು. "ನಿನ್ನ ಕೆಲಸ ಉಳೀತು!"

"ಹ್ಞೂಂ," ಎಂದಳು ಅಮ್ಮ. ಆಮೇಲೆ ಒಳಗೆ ಹೋದಳು.

ಒಂದೊಂದು ಸೀಟಿನ ಹತ್ತಿರವೂ ಬಗ್ಗಿ ನೋಡಿದಳು. ಹಿಂದಿನವರೆಗೂ ಹೋಗಿ ತಿರುಗಿ ಬಂದಳು. ಬಾಗಿಲ ಹತ್ತಿರ ಬಂದವಳು ಇಳಿಯಲಿಲ್ಲ. ಮತ್ತೆ ಮೊದಲ ಸೀಟಿನಿಂದ ಶುರು ಮಾಡಿದಳು.

'ಈಗ ತಾನೇ ನೋಡಿದ್ಯಲ್ಲಾ' ಎನ್ನಲು ಬುಗುರಿ ಬಾಯಿ ತೆರೆದಳು.

ಅಮ್ಮ ಕೊನೆಯ ಸಾಲಿನಲ್ಲಿ ಮಂಡಿಯೂರಿ ಕೂತಿದ್ದಳು. ಆವತ್ತು ಚೋಟು ಮಲಗಿದ್ದ ಸೀಟಿನ ಕೆಳಗೆ ಕೈ ಚಾಚಿ, ಖಾಲಿ ನೆಲದ ಮೇಲೆ ಅಂಗೈ ಇಟ್ಟಿದ್ದಳು. ಕೈ ಅಲ್ಲಿಂದ ಏಳುತ್ತಿರಲಿಲ್ಲ.

ಇಷ್ಟು ದಿನ ಅಮ್ಮ ಹೆದರಿದ್ದು ಪ್ರಿನ್ಸಿಪಾಲ್ ಮೇಡಂಗೆ ಎಂದೇ ಬುಗುರಿ ಅಂದುಕೊಂಡಿದ್ದಳು.

ಶಾಲೆಯ ಬೆಲ್ ಹೊಡೆಯಿತು. ಮೈದಾನದ ತುಂಬ ಮಕ್ಕಳು ಓಡುವ ಸದ್ದು. ಬುಗುರಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಅಮ್ಮ ಏಳುವವರೆಗೂ ಮೆಟ್ಟಿಲ ಮೇಲೆ ಅಲುಗಾಡದೆ ಕೂತಿದ್ದಳು.